ಅದು ಅವಳ ಸ್ಲೈಡ್ ಮೇಡಂ

ಎಲ್ಲರಿಗೂ ನಮಸ್ಕಾರ. ಮೈಕ್ ಕೇಳಿಸುತ್ತಿದೆಯಾ? ಹಿಂದಿನ ಬೆಂಚಿನವರು ಕೈ ಎತ್ತಿ. ಸರಿ. ಆನ್‌ಲೈನ್ ಮೀಟಿಂಗ್‌ನಲ್ಲಿ ಇಷ್ಟು ಹೊತ್ತಿಗೆ ಕಾಲು ಗಂಟೆ ಇದರಲ್ಲೇ ಕಳೆದಿರುತ್ತಿತ್ತು.

ತಂಡದ ಕೆಲಸದ ಬಗ್ಗೆ ಮಾತಾಡಿ ಅಂತ ನಿಮ್ಮ ಪ್ರಿನ್ಸಿಪಾಲರು ಫೋನ್ ಮಾಡಿದಾಗ ಬೇಡ ಅನ್ನೋಣ ಅಂದುಕೊಂಡೆ. ಆದರೆ ಆ ವಾರವೇ ಬೇರೆ ಒಂದು ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟ್‌ಗಳು ವ್ಯಾಲ್ಯುಯೇಷನ್‌ಗೆ ನನ್ನ ಮನೆಗೆ ಬಂದಿದ್ದವು. ಪ್ರತಿ ರಿಪೋರ್ಟ್‌ನ ಕೊನೆಗೆ ರಿಫ್ಲೆಕ್ಷನ್ ಅಂತ ಒಂದು ಪುಟ. ತಂಡದಲ್ಲಿ ಕೆಲಸ ಮಾಡಿದ ಅನುಭವ ಬರೆಯಿರಿ ಅಂತ ಹೇಳಿದ್ದರು. ಓದಿದೆ. ಎಲ್ಲ ತಂಡದಲ್ಲೂ ಒಗ್ಗಟ್ಟು. ಎಲ್ಲರೂ ಸಮನಾಗಿ ದುಡಿದಿದ್ದಾರೆ. ಭಿನ್ನಾಭಿಪ್ರಾಯ ಬಂದರೂ ಚರ್ಚಿಸಿ ಬಗೆಹರಿಸಿಕೊಂಡಿದ್ದಾರೆ. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಜಗಳ ಆಯ್ತು ಅಂತ ಒಬ್ಬರೂ ಬರೆದಿಲ್ಲ. ಐದು ಮಕ್ಕಳು ಮೂರು ತಿಂಗಳು ಒಂದು ಸಲವೂ ಸಿಟ್ಟು ಮಾಡಿಕೊಂಡಿಲ್ಲ ಅಂದರೆ ಅವರು ಒಟ್ಟಿಗೆ ಕೆಲಸವನ್ನೇ ಮಾಡಿಲ್ಲ ಅಂತ ನನ್ನ ಅನುಮಾನ. ಅದಕ್ಕೇ ಬಂದೆ.

ಒಂದು ತಂಡದ ಕಥೆ ಹೇಳುತ್ತೇನೆ. ನನ್ನ ಹಳೇ ವಿದ್ಯಾರ್ಥಿಗಳು ಇದನ್ನು ಎಷ್ಟು ಸಲ ಕೇಳಿದ್ದಾರೋ, ಪಾಪ. ಬೆಂಗಳೂರಿಗೆ ನೀರು ಎಲ್ಲಿಂದ ಬರುತ್ತೆ ಅನ್ನೋದು ಅವರ ವಿಷಯ. ತುಂಬಾ ಒಳ್ಳೆ ವಿಷಯ. ಐದು ಜನ. ಒಬ್ಬಳು ಯಲಹಂಕ, ಒಬ್ಬ ರಾಮನಗರದಿಂದ ರೈಲಲ್ಲಿ ಓಡಾಡುವವನು, ಇಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ನ್‌ಶಿಪ್, ಐದನೆಯವನು ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಎಲ್ಲ ಆನ್‌ಲೈನ್. ಮೊದಲ ಮೀಟಿಂಗ್ ಇಪ್ಪತ್ತು ನಿಮಿಷಕ್ಕೆ ಮುಗಿಯಿತಂತೆ. ಏನು ಮಾಡಿದರು? ಹಂಚಿಕೊಂಡರು. ನೀನು ಹೆಸರಘಟ್ಟ ಕೆರೆ, ನೀನು 1933ರ ತಿಪ್ಪಗೊಂಡನಹಳ್ಳಿ ಜಲಾಶಯ, ನೀನು ಕಾವೇರಿ, ನೀನು ಬೋರ್‌ವೆಲ್, ನೀನು ಮುಕ್ತಾಯ. ಎಲ್ಲರೂ ಥಂಬ್ಸ್ ಅಪ್ ಹಾಕಿದರು. ಮತ್ತೆ ಒಟ್ಟಿಗೆ ಸೇರಿದ್ದು ವೈವಾ ದಿನ.

ವೈವಾ ಕೂಡ ಗೂಗಲ್ ಮೀಟ್‌ನಲ್ಲಿ. ಸ್ಲೈಡ್‌ಗಳು ಚೆನ್ನಾಗಿದ್ದವು. ಕಾವೇರಿ ಸ್ಲೈಡ್ ಹಾಕಿದ ಹುಡುಗಿ ವಿವರವಾಗಿ ಹೇಳಿದಳು. ಕಾವೇರಿ ನೀರನ್ನು ಶುದ್ಧ ಮಾಡಿ ಪಂಪ್ ಮಾಡುವ ತೊರೆಕಾಡನಹಳ್ಳಿಯಿಂದ ನೀರು ಸುಮಾರು 100 ಕಿಲೋಮೀಟರ್ ಬರಬೇಕು, ಅದೂ ಸುಮಾರು 500 ಮೀಟರ್ ಮೇಲಕ್ಕೆ ಹತ್ತಬೇಕು, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡುತ್ತಾರೆ, ಅದಕ್ಕೇ ಕರೆಂಟ್ ಬಿಲ್ ಅಷ್ಟೊಂದು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಯೋಜನೆಯ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್, 110 ಹಳ್ಳಿಗಳಿಗೆ. ಎಲ್ಲ ಸರಿ. ನನಗೆ ಖುಷಿಯಾಯಿತು. ನಾಲ್ಕು ಸ್ಲೈಡ್ ಆದ ಮೇಲೆ ಮುಕ್ತಾಯದ ಹುಡುಗ ಬಂದ. ಅವನ ಸ್ಲೈಡ್‌ನಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ಕಾವೇರಿ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುವುದರಿಂದ ಬೆಂಗಳೂರಿಗೆ ವಿದ್ಯುತ್ ಉಳಿತಾಯವಾಗುತ್ತಿದೆ.

ನಗಬೇಡಿ, ನಿಮ್ಮದೂ ನೋಡಿದ್ದೇನೆ. ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಕಾವೇರಿ ತಾನಾಗಿ ಹತ್ತಿ ಬರೋಕೆ ಸಾಧ್ಯವಾ? ನಾನು ಕೇಳಿದೆ. "ಏನಪ್ಪಾ, ನಾಲ್ಕು ಸ್ಲೈಡ್ ಹಿಂದೆ ಹತ್ತಿದ ನೀರು ಇಲ್ಲಿ ಯಾಕೆ ಇಳೀತಿದೆ?" ಮೌನ. ಐದು ಚೌಕದಲ್ಲಿ ನಾಲ್ಕು ಕಪ್ಪು. ಕೊನೆಗೆ ಹುಡುಗ ಹೇಳಿದ, "ಹತ್ತೋದು ಅವಳ ಸ್ಲೈಡ್ ಮೇಡಂ."

ಅವನು ತಪ್ಪಿಸಿಕೊಳ್ಳೋಕೆ ಹಾಗೆ ಹೇಳಿದ್ದಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ಹತ್ತೋದು ಅವಳ ಜವಾಬ್ದಾರಿ, ಇಳಿಯೋದು ಇವನದು. ನಾನು ಕೇಳಿದೆ, "ಹಂಚಿಕೊಂಡ್ರಿ ಸರಿ, ಸೇರಿಸಿದವರು ಯಾರು?" ಪಿಪಿಟಿ ಸೇರಿಸಿದವನು ಕೈ ಎತ್ತಿದ. ಹೌದು, ಫೈಲ್ ಸೇರಿಸಿದ್ದಾನೆ. ಫಾಂಟ್ ಕೂಡ ಒಂದೇ ಮಾಡಿದ್ದಾನೆ. ಓದಿಲ್ಲ.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ, ಮಿಕ್ಕದ್ದೆಲ್ಲ ಸುಮ್ನೆ ವಿವರ. ಐದು ಜನ ಐದು ಚೂರು ಮಾಡಿ ಸ್ಟೇಪ್ಲರ್ ಹೊಡೆದರೆ ಅದು ಐದು ಸಣ್ಣ ಪ್ರಾಜೆಕ್ಟ್. ಈಗಂತೂ ಚಾಟ್‌ಜಿಪಿಟಿ ಬೇರೆ ಬಂದಿದೆ. ಐದೂ ಜನ ಅದನ್ನೇ ಕೇಳುತ್ತೀರಿ. ಪ್ರತಿ ಚೂರಿನ ಕೊನೆಗೂ "ಒಟ್ಟಾರೆಯಾಗಿ ಹೇಳುವುದಾದರೆ" ಅಂತ ಇರುತ್ತೆ. ಒಂದೇ ರಿಪೋರ್ಟ್ ಐದು ಸಲ ಮುಗಿಯುತ್ತೆ!

ಸೋಮಾರಿಗಳಿಂದಲೇ ತಂಡ ಹಾಳಾಗೋದು ಅಂತ ನೀವು ಹೇಳಬಹುದು. ಈ ದೂರು ಹಳೆಯದು. ಫ್ರಾನ್ಸಿನಲ್ಲಿ ಮ್ಯಾಕ್ಸ್ ರಿಂಗಲ್‌ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದ. 1880ರ ದಶಕದಲ್ಲಿ ಜನರಿಂದ ಭಾರ ಎಳೆಸಿ ಅಳೆದ. 1913ರಲ್ಲಿ ಅದನ್ನು ಪ್ರಕಟಿಸಿದ. ಎಂಟು ಜನ ಸೇರಿ ಎಳೆದಾಗ ತಲಾ ಎಳೆತ ಒಬ್ಬನೇ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. ಅವನು ಅದನ್ನು ಬರೀ ಸೋಮಾರಿತನ ಅನ್ನಲಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ಎಳೆಯುತ್ತಿಲ್ಲ ಅನ್ನುವುದೇ ಮುಖ್ಯ ಕಾರಣ ಅಂತ ಅವನ ಲೆಕ್ಕ. ಆಮೇಲೆ 1979ರಲ್ಲಿ ಅಮೆರಿಕದಲ್ಲಿ ಲಾಟಾನೆ ಅನ್ನೋ ಮನೋವಿಜ್ಞಾನಿ ಮತ್ತು ಅವರ ಜೊತೆಯವರು ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿದರು, ಕೂಗಿಸಿದರು. ಗುಂಪು ದೊಡ್ಡದಾದಷ್ಟೂ ತಲಾ ಸದ್ದು ಕಮ್ಮಿ. ನಾನು ವೇದಿಕೆಗೆ ಬಂದಾಗ ಬಿದ್ದ ಚಪ್ಪಾಳೆ ಕೇಳಿದರೆ ಈ ಪ್ರಯೋಗ ಇಲ್ಲೂ ನಡೆದಂತಿದೆ. ಅವರೇ 1981ರಲ್ಲಿ ಇನ್ನೊಂದು ತೋರಿಸಿದರು. ಯಾರು ಎಷ್ಟು ಕೂಗಿದರು ಅಂತ ಬೇರೆ ಬೇರೆಯಾಗಿ ಗೊತ್ತಾಗುತ್ತೆ ಅಂದಾಗ ಜನ ಚೆನ್ನಾಗಿಯೇ ಕೂಗಿದರು. ಜನ ಅವರೇ. ಕಾಣಿಸುತ್ತೆ ಅನ್ನೋದಷ್ಟೇ ವ್ಯತ್ಯಾಸ.

ಆನ್‌ಲೈನ್‌ನಲ್ಲಿ ಕಾಣಿಸದೇ ಇರೋದೇ ತೊಂದರೆ. ನಾನು ಕುಣಿಗಲ್ ಕಡೆಯವಳು. ನಮ್ಮಲ್ಲಿ ನಾಟಿಗೆ ಮುಯ್ಯಾಳು ಇತ್ತು. ಇವತ್ತು ನಮ್ಮ ಗದ್ದೆಗೆ ನೀವು ಬಂದರೆ ನಾಳೆ ನಿಮ್ಮ ಗದ್ದೆಗೆ ನಾವು. ಹೆಂಗಸರು ಸಾಲಾಗಿ ನಿಂತು ಬಗ್ಗಿ ನೆಡುತ್ತಾ ಹಿಂದೆ ಹಿಂದೆ ಹೋಗೋರು. ಒಬ್ಬಳ ಸಾಲು ನಿಧಾನ ಆದರೆ ಪಕ್ಕದವಳಿಗೆ ಕಾಣುತ್ತೆ. ಬೈಯುತ್ತಲೇ ಅವಳ ಕಡೆಗೂ ನಾಲ್ಕು ಸಸಿ ನೆಟ್ಟು ಹೋಗುತ್ತಿದ್ದಳು. ಯಾಕೆ ನಿಧಾನ ಅಂತಲೂ ಗೊತ್ತಿರುತ್ತಿತ್ತು. ಮಗು ಇದೆ, ಜ್ವರ ಇದೆ, ಇಲ್ಲಾ ಮೈಗಳ್ಳಿ. ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇದ್ಯಾವುದೂ ಗೊತ್ತಾಗಲ್ಲ. ನೀಲಿ ಟಿಕ್ ಬಿತ್ತು, ಉತ್ತರ ಬಂದಿಲ್ಲ, ಅಂದರೆ ಅವನು ಬಿಟ್ಟಿ ಮಾರ್ಕ್ಸ್ ಗಿರಾಕಿ ಅಂತ ತೀರ್ಮಾನ.

ಆ ಐದನೆಯವನ ವಿಷಯ ಹೇಳುತ್ತೇನೆ ಅಂದಿದ್ದೆ. ನಾಲ್ಕೂ ಜನ ನನಗೆ ಬೇರೆ ಬೇರೆಯಾಗಿ ಮೆಸೇಜ್ ಮಾಡಿದ್ದರು, ಅವನು ಏನೂ ಮಾಡಿಲ್ಲ, ಹೆಸರು ತೆಗೆಯಿರಿ ಅಂತ. ಈ ವಿಷಯದಲ್ಲಿ ಒಗ್ಗಟ್ಟು ನೋಡಿ! ನಾನು ಅವರ ಗೂಗಲ್ ಡಾಕ್ ತೆಗೆದು, ಯಾರು ಯಾವಾಗ ಏನು ಬರೆದರು ಅಂತ ತೋರಿಸುವ ವರ್ಷನ್ ಹಿಸ್ಟರಿ ನೋಡಿದೆ. ಬೋರ್‌ವೆಲ್ ಭಾಗ ಪೂರ್ತಿ ಅವನದೇ. ಜೊತೆಗೆ ಎಲ್ಲರ ಭಾಗದಲ್ಲೂ ಕಾಗುಣಿತ ತಿದ್ದಿದ್ದ, ರಾತ್ರಿ ಒಂದೂವರೆ, ಎರಡು ಗಂಟೆಗೆ. ಮನೆಯಲ್ಲಿ ಒಂದೇ ಫೋನ್, ಹಗಲು ತಂಗಿಗೆ ಕ್ಲಾಸು. ದಿನದ ಡೇಟಾ ಸಂಜೆಗೇ ಖಾಲಿ, ಹನ್ನೆರಡು ಹೊಡೆದ ಮೇಲೆ ಮತ್ತೆ ಬರುತ್ತೆ. ಅದಕ್ಕೇ ಹಗಲಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಇದನ್ನು ಗ್ರೂಪಿನಲ್ಲಿ ಹೇಳೋಕೆ ನಾಚಿಕೆ. ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ತಪ್ಪು ಅವನದೂ ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಇಳಿಜಾರಿನ ಸ್ಲೈಡ್ ಪಕ್ಕ ಅವನು ಒಂದು ಕಾಮೆಂಟ್ ಹಾಕಿದ್ದ: "ನೀರು ಹತ್ತಬೇಕಲ್ವಾ?" ಒಂಬತ್ತು ದಿನ ಆ ಕಾಮೆಂಟ್ ಹಾಗೇ ಇತ್ತು. ಅದರ ಮೇಲೆ ಒಂದು ಥಂಬ್ಸ್ ಅಪ್!

ಯಾರೋ ಆ ಕಾಮೆಂಟ್ ನೋಡಿದ್ದಾರೆ. ಒಪ್ಪಿದ್ದಾರೆ. ತಿದ್ದಿಲ್ಲ, ಯಾಕೆಂದರೆ ಸ್ಲೈಡ್ ತನ್ನದಲ್ಲ. ಹಂಚಿಕೊಂಡ್ರಿ ಸರಿ, ಸೇರಿಸಿದವರು ಯಾರು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತೆ. ಇನ್ನೂ ಬಹಳ ಬರೆದುಕೊಂಡು ಬಂದಿದ್ದೆ, ಮುಖ್ಯವಾದದ್ದು ಮಾತ್ರ ಹೇಳಿಬಿಡುತ್ತೇನೆ.

ಕೆಲಸ ಹಂಚುವಾಗ ಪೂರ್ತಿ ಓದುವ ಕೆಲಸಕ್ಕೂ ಒಬ್ಬರ ಹೆಸರು ಬರೆಯಿರಿ. "ಎಲ್ಲರೂ ನೋಡಿ" ಅಂತ ಮೆಸೇಜ್ ಹಾಕಿದರೆ ಯಾರೂ ನೋಡಲ್ಲ. ಗಡುವಿಗೆ ಒಂದು ವಾರ ಮುಂಚೆ ಒಂದು ಮೀಟಿಂಗ್ ಇಡಿ, ಅದರಲ್ಲಿ ಪ್ರತಿಯೊಬ್ಬರೂ ಬೇರೆಯವರ ಸ್ಲೈಡ್ ವಿವರಿಸಬೇಕು. ತನ್ನದಲ್ಲ, ಪಕ್ಕದವರದು. ಇಳಿಜಾರಿನಲ್ಲಿ ಹರಿದ ಕಾವೇರಿ ಆ ದಿನವೇ ಸಿಕ್ಕಿಬೀಳುತ್ತಿದ್ದಳು. ಥಂಬ್ಸ್ ಅಪ್‌ನ್ನು ಉತ್ತರ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಯಾವಾಗ ಮುಗಿಸುತ್ತೀಯ ಅಂತ ಕೇಳಿದರೆ ದಿನ ಹೇಳಬೇಕು. ಎರಡು ದಿನ ಸದ್ದಿಲ್ಲದವರಿಗೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ತಂಡ ದೊಡ್ಡದಿದ್ದರೆ ಒಳ್ಳೆಯದು ಅಂದುಕೊಳ್ಳಬೇಡಿ, ಐದು ಜನರಲ್ಲಿ ಹತ್ತು ಜೋಡಿ ಆಗುತ್ತೆ, ಎಂಟು ಜನರಲ್ಲಿ ಇಪ್ಪತ್ತೆಂಟು. ಅಷ್ಟೂ ಜೋಡಿ ಒಬ್ಬರಿಗೊಬ್ಬರು ಮಾತಾಡಬೇಕು.

ರಿಫ್ಲೆಕ್ಷನ್ ಪುಟವನ್ನು ಕೊನೇ ರಾತ್ರಿ ಬರೆಯಬೇಡಿ. ವಾರಕ್ಕೊಂದು ಸಾಲು ಬರೆದಿಡಿ: ಯಾರ ಮೇಲೆ ಸಿಟ್ಟು ಬಂತು, ಯಾಕೆ, ಆಮೇಲೆ ಏನಾಯ್ತು. ಹೆಸರು ಬೇಡ, ನಡೆದದ್ದು ಬರೆಯಿರಿ. ಮೇಷ್ಟ್ರುಗಳಿಗೂ ಒಂದು ಮಾತು. ಮಕ್ಕಳು ಜಗಳ ಆಯ್ತು ಅಂತ ನಿಜ ಬರೆದರೆ ಮಾರ್ಕ್ಸ್ ಕಟ್ ಮಾಡಬೇಡಿ. ನಾವು ಕಟ್ ಮಾಡಿದ್ದಕ್ಕೇ ಎಲ್ಲ ತಂಡದಲ್ಲೂ ಒಗ್ಗಟ್ಟು ಬಂದಿರೋದು.

ಆಯ್ತು, ಅಧ್ಯಕ್ಷರೇ, ಮುಗಿಸಿದೆ. ನಿಮ್ಮ ತಂಡಗಳ ಪಟ್ಟಿ ಹೊರಗೆ ನೋಟಿಸ್ ಬೋರ್ಡ್‌ನಲ್ಲಿ ಹಾಕಿದ್ದಾರಂತೆ. ಊಟಕ್ಕೆ ಹೋಗುವ ಮುಂಚೆ ನಿಮ್ಮ ತಂಡದವರನ್ನು ಹುಡುಕಿ, ಮುಖ ನೋಡಿ, ನಂಬರ್ ತಗೊಳ್ಳಿ. ನಾಳೆಯಿಂದ ಕ್ಯಾಮೆರಾ ಆಫ್ ಇರುತ್ತೆ. ಸ್ನೇಹಿತರು ಬೇರೆ ತಂಡಕ್ಕೆ ಹೋದರು ಅಂತ ನನ್ನ ಹತ್ತಿರ ಮಾತ್ರ ಬರಬೇಡಿ, ಪಟ್ಟಿ ಮಾಡಿದ್ದು ನಾನಲ್ಲ. ನಮಸ್ಕಾರ.