ಹೊಸ ಹೋಟೆಲ್ಲಿನ ಮೊದಲ ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಹೊಸ ದರ್ಶಿನಿ, ಅಂದರೆ ನಿಂತು ತಿನ್ನುವ ಹೋಟೆಲ್, ಶುರುವಾಗಲಿ, ಮೊದಲ ವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎರಡನೇ ವಾರ ಮಾತು ಶುರುವಾಗುತ್ತದೆ. ಹಾಲಿನ ಬೂತಿನ ಹತ್ತಿರ, ಪಾರ್ಕಿನಲ್ಲಿ, ಲಿಫ್ಟಿನಲ್ಲಿ ಎಲ್ಲಾ ಕಡೆ ಅದೇ. “ಇಡ್ಲಿ ಗಟ್ಟಿ ಕಣ್ರೀ.” “ದೋಸೆ ಒಂದು ದಿನ ಚೆನ್ನಾಗಿರುತ್ತೆ, ಒಂದು ದಿನ ಹಸಿಹಸಿ.” “ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆಯೇ ಜಾಸ್ತಿ.”

ನಮ್ಮ ರಸ್ತೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಇಂಥದ್ದೊಂದು ಹೋಟೆಲ್ ತೆರೆಯಿತು. ಈ ಮಾತುಗಳನ್ನೆಲ್ಲ ಕೇಳುತ್ತಾ ನನಗೆ ಅನ್ನಿಸಿದ್ದಿಷ್ಟು: ಹೇಳುವವರ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತು ತಲುಪಬೇಕಾದವರಿಗೆ ಮಾತ್ರ ತಲುಪುತ್ತಿಲ್ಲ. ತಿಂದವರು ಊರಿಗೆಲ್ಲ ಹೇಳುತ್ತಾರೆ, ಗಲ್ಲಾದಲ್ಲಿ ಕೂತವರ ಹತ್ತಿರ ಹೇಳುವುದಿಲ್ಲ.

ಇಡ್ಲಿಯನ್ನೇ ನೋಡಿ. ಕರಾವಳಿಯ ಸೆಕೆಯಲ್ಲಿ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಕ್ಕಿ ನಿಂತಿರುತ್ತದೆ. ಬೆಂಗಳೂರಿನ ಜನವರಿ ಚಳಿಯಲ್ಲಿ ಅದೇ ಹಿಟ್ಟಿಗೆ ಇನ್ನೂ ನಾಲ್ಕಾರು ಗಂಟೆ ಬೇಕು. ಅಲ್ಲಿನ ಲೆಕ್ಕ ಹಿಡಿದು ಇಲ್ಲಿ ಬೇಯಿಸಿದರೆ ಇಡ್ಲಿ ಗಟ್ಟಿಯಾಗದೆ ಇನ್ನೇನಾಗುತ್ತದೆ? ಕೆಲವರು ಅವಸರಕ್ಕೆ ಸೋಡಾ ಹಾಕುತ್ತಾರೆ. ಇಡ್ಲಿ ಉಬ್ಬುತ್ತದೆ, ಆದರೆ ಸೋಡಾ ಸ್ವಲ್ಪ ಜಾಸ್ತಿಯಾದರೂ ಬಣ್ಣ ಹಳದಿಗೆ ತಿರುಗಿ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ನಮ್ಮ ಹೋಟೆಲ್ಲಿನವರು ಸೋಡಾಕ್ಕೆ ಕೈ ಹಾಕಲಿಲ್ಲ. ಸಂಜೆ ರುಬ್ಬುವುದನ್ನು ಮಧ್ಯಾಹ್ನಕ್ಕೇ ತಂದರು. ಇಡ್ಲಿ ಹಗುರಾಯಿತು. ಅವರ ಮೇಲೆ ನನಗೆ ಗೌರವ ಬಂದಿದ್ದೇ ಆವತ್ತಿಂದ.

ದೋಸೆಯ ಕಥೆ ಕಾವಲಿಯದ್ದು. ಹೊಸ ಕಾವಲಿ ಪಳಗುವವರೆಗೂ ದೋಸೆ ಅಂಟುತ್ತದೆ. ಒಂದು ಬೆಳಿಗ್ಗೆ ಹತ್ತಿರ ನಿಂತು ನೋಡಿದೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿದರು. ಚುಂಯ್ ಅಂತ ಹಬೆ ಎದ್ದಿತು. ಪುಟ್ಟ ಪೊರಕೆಯಿಂದ ಗುಡಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿದರು. ಆಮೇಲೆ ಹಿಟ್ಟು. ಕಾವು ಜಾಸ್ತಿಯಾದರೆ ಹಿಟ್ಟು ಹರಡುವ ಮೊದಲೇ ಸೌಟಿಗೆ ಮೆತ್ತಿಕೊಳ್ಳುತ್ತದೆ, ಕಡಿಮೆಯಾದರೆ ದೋಸೆ ಬಿಳುಚಿಕೊಳ್ಳುತ್ತದೆ. ಜನ ಮುಗಿಬಿದ್ದಾಗ ಆ ನೀರಿನ ಕೆಲಸಕ್ಕೇ ಪುರುಸೊತ್ತು ಸಿಗುವುದಿಲ್ಲ. ಕಾವು ಏರಿ, ಹಿಟ್ಟು ಹರಡದೆ ದಪ್ಪಗೆ ನಿಂತು, ಒಳಗೆ ಹಸಿ ಉಳಿಯುವುದು ಆಗಲೇ.

ಸಾಂಬಾರಿನ ಮಾತು ಬೇರೆ. ನಮ್ಮ ಮೇಲಿನ ಮನೆಯ ಹುಬ್ಬಳ್ಳಿಯವರು, “ಇದೇನ್ರೀ, ಇಷ್ಟ್ ಸಿಹಿ ಆಗೇತಿ” ಅಂತಾರೆ. ಪಕ್ಕದ ಮನೆಯ ಹಳೇ ಬೆಂಗಳೂರಿನವರಿಗೆ ಬೆಲ್ಲ ಇಲ್ಲದಿದ್ದರೆ ಅದು ಸಾಂಬಾರೇ ಅಲ್ಲ. ಇದನ್ನು ತಪ್ಪು ಅನ್ನಲಾಗದು. ಅವರವರ ಊರಿನ ರುಚಿ, ಅಲ್ವಾ?

ನನಗೆ ನಿಜವಾಗಿ ಬೇಸರ ತಂದಿದ್ದು ಕೂರಲು ಜಾಗ ಇಲ್ಲದ್ದು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಈ ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿತು. ಬಡಿಸುವವರು ಬೇಡ, ಜಾಗ ಕಡಿಮೆ ಸಾಕು, ಹಾಗಾಗಿ ಕಡಿಮೆ ದುಡ್ಡಿಗೆ ಬಿಸಿ ತಿಂಡಿ. ಎಲ್ಲಾ ಸರಿ. ಆದರೆ ಮಂಡಿನೋವಿನವರು ಏನು ಮಾಡಬೇಕು? ನಮ್ಮ ಬೀದಿಯ ಅಜ್ಜಿಯೊಬ್ಬರು ತಟ್ಟೆ ಹಿಡಿದು ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು. ಒಂದು ದಿನ ಅವರೇ ಗಲ್ಲಾದ ಹತ್ತಿರ ಹೋಗಿ, “ಏನಪ್ಪಾ, ನಮ್ಮಂಥೋರಿಗೆ ಒಂದು ಕುರ್ಚಿ ಹಾಕಬಾರದಾ?” ಅಂದರು. ಮಾರನೇ ದಿನ ಗೋಡೆ ಪಕ್ಕ ನಾಲ್ಕು ಕುರ್ಚಿ ಬಂದಿದ್ದವು. ಅಷ್ಟು ದಿನ ನಾವೆಲ್ಲ ಅದನ್ನು ನೋಡಿ ನಮ್ಮನಮ್ಮಲ್ಲೇ ಮಾತಾಡಿಕೊಂಡಿದ್ದೆವು.

ಹೊಸ ಹೋಟೆಲ್ಲಿಗೆ ಹೋದರೆ ಒಂದೇ ಸಲ ತಿಂದು ತೀರ್ಪು ಕೊಡಬೇಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ಎರಡನೇ ಸಲ ಚಟ್ನಿ ಕೇಳಿದಾಗ ಹೇಗೆ ಹಾಕುತ್ತಾರೆ ನೋಡಿ. ಟೇಬಲ್ ಒರೆಸುವ ಬಟ್ಟೆ ನೋಡಿ, ಕೈ ತೊಳೆಯುವ ಜಾಗ ನೋಡಿ. ಚೆನ್ನಾಗಿದ್ದರೆ ಒಳಗಿನ ಭಟ್ಟರಿಗೂ ಕೇಳುವ ಹಾಗೆ ಹೇಳಿ. ಸರಿಯಿಲ್ಲದಿದ್ದರೆ ಏನು ಸರಿಯಿಲ್ಲ ಅಂತ ಬಿಡಿಸಿ ಹೇಳಿ. ಸುಮ್ನೆ “ಚೆನ್ನಾಗಿಲ್ಲ” ಅಂದರೆ ಅವರಾದರೂ ಏನು ಮಾಡಿಯಾರು?

ನಮ್ಮ ಹೋಟೆಲ್ಲಿನಲ್ಲಿ ಈಗ ಸರಿಯಾಗದೆ ಉಳಿದಿರುವುದು ಸಂಜೆಯ ಕಾಫಿ. ಬೆಳಿಗ್ಗೆ ಗಟ್ಟಿ ಡಿಕಾಕ್ಷನ್, ಘಮಘಮ. ಐದು ಗಂಟೆ ಮೇಲೆ ಅದೇ ಪುಡಿಗೆ ಮತ್ತೆ ನೀರು ಬಿದ್ದಿರುವುದು ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಇವತ್ತು ಸಂಜೆ ಅಲ್ಲಿಗೆ ಹೋಗುತ್ತಿದ್ದೇನೆ, ಗಲ್ಲಾದ ಹತ್ತಿರವೇ ನಿಂತು ಹೇಳುತ್ತೇನೆ. ನಮಸ್ಕಾರ.