ಶಾಲಾ ಮಕ್ಕಳಿಗೆ ಮಾದಕವಸ್ತು ಪರೀಕ್ಷೆ ಬೇಕೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯ ಗೇಟಿನ ಹತ್ತಿರ ಗಾಂಜಾ ಮಾರುವವರು ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ಪೋಷಕರ ಸಭೆಯಲ್ಲಿ ಒಂದು ಬೇಡಿಕೆ ಏಳುತ್ತದೆ: "ಎಲ್ಲ ಮಕ್ಕಳಿಗೂ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ." ಹೆತ್ತ ಕರುಳಿನ ಭಯ ಅದು, ತಪ್ಪೆನ್ನಲಾರೆ. ಆದರೆ ಅಮೆರಿಕದ ಶಾಲೆಗಳು ಮೂವತ್ತು ವರ್ಷಗಳಿಗೂ ಹಿಂದೆಯೇ ಈ ದಾರಿ ಹಿಡಿದವು. ಅಲ್ಲಿ ಏನಾಯಿತೆಂದು ತಿಳಿದುಕೊಂಡು ಮಾತನಾಡೋಣ.

ಆರೆಗಾನ್ ರಾಜ್ಯದ ವರ್ನೋನಿಯಾ ಎಂಬ ಸಣ್ಣ ಊರಿನಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಫುಟ್‌ಬಾಲ್ ತಂಡ ಸೇರಲು ಹೋದ. ಮೂತ್ರಪರೀಕ್ಷೆಯ ಒಪ್ಪಿಗೆ ಪತ್ರಕ್ಕೆ ತಂದೆ ತಾಯಿ ಸಹಿ ಹಾಕಲಿಲ್ಲ, ಆಟ ತಪ್ಪಿತು. 1995ರಲ್ಲಿ ಸುಪ್ರೀಂ ಕೋರ್ಟ್ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಒಕ್ಲಹೋಮದ ಟೆಕಮ್ಸೆ ಊರು ಇನ್ನೂ ಮುಂದೆ ಹೋಯಿತು. ಅಲ್ಲಿ ಗಾಯನವೃಂದದಲ್ಲಿ ಹಾಡುತ್ತಿದ್ದ ಲಿಂಡ್ಸೆ ಅರ್ಲ್ಸ್ ಎಂಬ ವಿದ್ಯಾರ್ಥಿನಿಯೂ ಸೀಸೆ ಹಿಡಿಯಬೇಕಾಯಿತು. ಬಾಗಿಲು ಮುಚ್ಚಿದ ಶೌಚಾಲಯದೊಳಗೆ ಮಗು, ಹೊರಗೆ ಮೂತ್ರ ಬೀಳುವ ಸದ್ದಿಗೆ ಕಿವಿಗೊಟ್ಟು ನಿಂತ ಅಧ್ಯಾಪಕರು. 2002ರಲ್ಲಿ ಐದು ನ್ಯಾಯಮೂರ್ತಿಗಳು ಇದಕ್ಕೂ ಸಮ್ಮತಿಸಿದರು, ನಾಲ್ವರು ಒಪ್ಪಲಿಲ್ಲ. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಎತ್ತಿದ ಒಂದು ಅಂಶ ನನ್ನನ್ನು ಬಹಳ ಕಾಡಿದೆ. ಹಾಡು, ಆಟಗಳಲ್ಲಿ ತೊಡಗಿದ ಮಕ್ಕಳು ಚಟಕ್ಕೆ ಬೀಳುವುದು ಕಡಿಮೆ. ಪರೀಕ್ಷೆಗೆ ಅಂಜಿ ಅಂಗಳದಿಂದ ದೂರ ಸರಿಯುವುದು ಯಾರು? ಅಂಗಳದ ಆಸರೆ ಅತ್ಯಗತ್ಯವಾಗಿರುವ ಮಗುವೇ.

ಪರೀಕ್ಷೆಯಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಮೆರಿಕ ಸರ್ಕಾರ 36 ಪ್ರೌಢಶಾಲೆಗಳಲ್ಲಿ ಮಾಡಿಸಿದ ಅಧ್ಯಯನದ ವರದಿ 2010ರಲ್ಲಿ ಬಂತು. ಹಿಂದಿನ ಒಂದು ತಿಂಗಳಲ್ಲಿ ಮಾದಕವಸ್ತು ಬಳಸಿದ್ದೇವೆಂದು ಹೇಳಿಕೊಂಡವರು ಪರೀಕ್ಷೆಯಿದ್ದ ಶಾಲೆಗಳಲ್ಲಿ ಶೇಕಡಾ 16, ಇಲ್ಲದ ಕಡೆ ಶೇಕಡಾ 22. ಆದರೆ ಮುಂದೆ ಬಳಸುವೆವೇ ಎಂಬ ಪ್ರಶ್ನೆಗೆ ಎರಡೂ ಕಡೆಯ ಮಕ್ಕಳ ಉತ್ತರದಲ್ಲಿ ಅಂತಹ ವ್ಯತ್ಯಾಸವಿರಲಿಲ್ಲ. ಹೆದರಿಕೆ ಕೈಯನ್ನು ತಡೆದಿತ್ತು, ಮನಸ್ಸನ್ನು ತಿರುಗಿಸಿರಲಿಲ್ಲ. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಇಂತಹ ಸಾಮೂಹಿಕ ಪರೀಕ್ಷೆಯನ್ನು ಇಂದಿಗೂ ಬೆಂಬಲಿಸುವುದಿಲ್ಲ.

ಇನ್ನು ಪರೀಕ್ಷೆಯ ಕಣ್ಣು ಎಷ್ಟು ಚುರುಕು? ಗಾಂಜಾದ ಅಂಶ ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಉಳಿಯುತ್ತದೆ. ಮದ್ಯ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಕೊಡೀನ್ ಇರುವ ಕೆಮ್ಮಿನ ಔಷಧಿ ಕುಡಿದ ಮಗುವೂ ಅಫೀಮಿನ ಪಟ್ಟಿಗೆ ಸೇರಬಹುದು. ಗಸಗಸೆಯಲ್ಲಿ ಮಾರ್ಫಿನ್‌ನ ಲೇಶ ಇರುವುದರಿಂದ ಹಬ್ಬದ ಗಸಗಸೆ ಪಾಯಸವೂ ಸಂಶಯ ಹುಟ್ಟಿಸಬಲ್ಲದು. ಈ ಗಸಗಸೆಯ ತೊಡಕಿನಿಂದಲೇ ಅಮೆರಿಕ 1998ರಲ್ಲಿ ನೌಕರರ ಮೂತ್ರಪರೀಕ್ಷೆಯಲ್ಲಿ ಅಫೀಮಿನ ಅಂಶವಿದೆಯೆಂದು ಎಣಿಸುವ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು.

ನಮ್ಮ ಮಕ್ಕಳ ಸಂಕಟವೇ ಬೇರೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡದ್ದು ವೈಟ್ನರ್, ಅಂಟು, ಥಿನ್ನರ್‌ಗಳನ್ನು ಮೂಸುವ ಚಟ. ಸಾಮಾನ್ಯ ಮೂತ್ರಪರೀಕ್ಷೆಯ ಪಟ್ಟಿ ಇದನ್ನು ಹಿಡಿಯುವುದೇ ಇಲ್ಲ. ಹಿಡಿಯಬಲ್ಲವರು ಮಗುವನ್ನು ದಿನವೂ ನೋಡುವ ಮೇಷ್ಟರು, ಟೀಚರು: ಕರವಸ್ತ್ರದಲ್ಲಿ ಬಣ್ಣದಂಗಡಿಯ ವಾಸನೆ, ಮೂಗು ಬಾಯಿಗಳ ಸುತ್ತ ಕೆಂಪು ಗುಳ್ಳೆ, ಮಧ್ಯಾಹ್ನದ ತೂಕಡಿಕೆ. ಆ ಮಗುವನ್ನು ತರಗತಿಯೆದುರು ನಿಲ್ಲಿಸಬೇಡಿ. ಪಕ್ಕಕ್ಕೆ ಕರೆದು, "ಊಟ ಆಯಿತೇನಪ್ಪಾ, ಮನೆಯಲ್ಲಿ ಎಲ್ಲ ಹೇಗಿದ್ದಾರೆ?" ಎಂದು ಕೇಳಿ. ಮಗುವಿಗೆ ಮಾದಕವಸ್ತು ಕೊಟ್ಟವನಿಗೆ ಬಾಲನ್ಯಾಯ ಕಾಯ್ದೆಯ 77ನೆಯ ಕಲಂ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ ಇದೆ. ಕಾನೂನಿನ ಕೋಲು ಬೀಸಬೇಕಾದ್ದು ಅವನ ಮೇಲೆ.

ಮನೆಯಲ್ಲಿ ಅನುಮಾನ ಬಂದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾ ಕೇಂದ್ರವಿದೆ. ಪೊಲೀಸ್ ಕೇಸಾಗುತ್ತದೆಂಬ ಅಂಜಿಕೆಯಿಂದ ತಡಮಾಡಬೇಡಿ. ಸ್ವಂತ ಬಳಕೆಗೆ ಸಿಕ್ಕಿಕೊಂಡವರು ತಾವಾಗಿಯೇ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡಲು ಮಾದಕವಸ್ತು ಕಾಯ್ದೆಯಲ್ಲೇ 64ಎ ಕಲಂ ಇದೆ.

ನಮಸ್ಕಾರ.