ಹಳೇ ಕಂಪ್ಯೂಟರ್: ಪಾರ್ಟ್ ಬದಲಾಯಿಸೋದಾ, ಸಿಸ್ಟಮ್ಮೇ ಬದಲಾಯಿಸೋದಾ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೂ ಕೇಳಿಸ್ತಿದೆ ಅಲ್ವಾ, ಸರಿ ಹಾಗಾದ್ರೆ ಶುರು ಮಾಡ್ತೀನಿ.

ಕಂಪ್ಯೂಟರ್ ಬಗ್ಗೆ ಸ್ವಲ್ಪ ಗೊತ್ತಿರೋನು ಅಂತ ತಿಳಿದ ತಕ್ಷಣ ಜನ ಕೇಳೋ ಪ್ರಶ್ನೆ ಒಂದೇ, "ಸಿಸ್ಟಮ್ ತಗೊಂಡು ಐದು ವರ್ಷ ಆಯ್ತು, ಬದಲಾಯಿಸೋ ಟೈಮ್ ಬಂತಾ?" ಅಂತ. ನಾನು ವಾಪಸ್ ಕೇಳೋದು, ಯಾವ ಕೆಲಸ ಮಾಡುವಾಗ ಕಾಯಬೇಕಾಗತ್ತೆ ಹೇಳಿ ಅಂತ. "ಎಲ್ಲಾನೂ ಸ್ಲೋ" ಅಂತಾರೆ. ನಿಜವಾಗ್ಲೂ ಎಲ್ಲಾನೂ ಸ್ಲೋ ಆಗಿರೋ ಸಿಸ್ಟಮ್ ಬಹಳ ಅಪರೂಪ, ಒಳಗೆ ಯಾವುದೋ ಒಂದು ಪಾರ್ಟ್ ಉಳಿದವನ್ನೆಲ್ಲ ಕಾಯಿಸ್ತಾ ಕೂತಿರತ್ತೆ. ಇವತ್ತು ನಾನು ಮಾತಾಡೋದು ಆ ಒಂದು ಪಾರ್ಟ್ ಹುಡುಕೋದು ಹೇಗೆ, ಸಿಕ್ಕ ಮೇಲೆ ಅದೊಂದನ್ನೇ ಬದಲಾಯಿಸೋಕಾಗತ್ತಾ ಇಲ್ಲಾ ಅದರ ಹಿಂದೆ ಇನ್ನೂ ನಾಲ್ಕು ಬದಲಾಯಿಸ್ಬೇಕಾಗತ್ತಾ ಅನ್ನೋದನ್ನ ನೋಡೋದು ಹೇಗೆ ಅನ್ನೋದರ ಬಗ್ಗೆ ಅಷ್ಟೇ.

ಮೊದಲು ಈ "ಇಷ್ಟು ವರ್ಷ ಆದ್ರೆ ಬದಲಾಯಿಸ್ಬೇಕು" ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ನೋಡಿ, ಅದು ಸುಳ್ಳೇನಲ್ಲ, ಒಂದು ಕಾಲಕ್ಕೆ ಪೂರ್ತಿ ನಿಜ ಆಗಿತ್ತು. 1989ರಲ್ಲಿ ಇಂಟೆಲ್ ಕಂಪನಿಯ 486 ಅನ್ನೋ ಪ್ರೊಸೆಸರ್, ಅಂದ್ರೆ ಕಂಪ್ಯೂಟರಿನ ಲೆಕ್ಕ ಎಲ್ಲಾ ಮಾಡೋ ಚಿಪ್ಪು, ಬಂದಾಗ ಅದರ ವೇಗ 25 ಮೆಗಾಹರ್ಟ್ಸ್, 2000ದ ಮಾರ್ಚ್ ಹೊತ್ತಿಗೆ ಎಎಮ್‌ಡಿ, ಇಂಟೆಲ್ ಇಬ್ಬರೂ 1000 ಮೆಗಾಹರ್ಟ್ಸ್ ಮುಟ್ಟಿದ್ರು. ಹನ್ನೊಂದು ವರ್ಷದಲ್ಲಿ ನಲವತ್ತು ಪಟ್ಟು! ಅಂಥ ಕಾಲದಲ್ಲಿ ಮೂರು ವರ್ಷದ ಮಷೀನ್ ಅಂದ್ರೆ ನಿಜವಾಗ್ಲೂ ಮುದುಕ, ಹೊಸ ಸಾಫ್ಟ್‌ವೇರ್ ಹಾಕಿದ್ರೆ ಏದುಸಿರು ಬಿಡ್ತಿತ್ತು. ಆಮೇಲೆ ಏನಾಯ್ತು? 2004ರಲ್ಲಿ ಪೆಂಟಿಯಂ 4 ಅನ್ನೋದು 3.8 ಗಿಗಾಹರ್ಟ್ಸ್‌ಗೆ ಬಂದು ನಿಲ್ತು, 4 ಗಿಗಾಹರ್ಟ್ಸ್ ಮಾಡೆಲ್ ತರ್ತೀವಿ ಅಂತ ಹೇಳಿದ್ದ ಇಂಟೆಲ್ ಅದೇ ವರ್ಷ ಅದನ್ನ ಕೈಬಿಡ್ತು, ಕಾರಣ ಬಿಸಿ. ಇಪ್ಪತ್ತು ವರ್ಷ ಆದ ಮೇಲೆ, 2024ರಲ್ಲಿ, ಅಂಗಡಿಯಲ್ಲಿ ಸಿಗೋ ಅತೀ ಜೋರಾದ ಚಿಪ್ಪಿನ ವೇಗ 6.2 ಗಿಗಾಹರ್ಟ್ಸ್. ಕೋರ್‌ಗಳು, ಅಂದ್ರೆ ಒಂದೇ ಚಿಪ್ಪಿನೊಳಗೆ ಒಟ್ಟಿಗೆ ಕೆಲಸ ಮಾಡೋ ಘಟಕಗಳು, ಜಾಸ್ತಿ ಆಗಿವೆ, ಒಂದೊಂದು ಹರ್ಟ್ಸ್‌ಗೆ ಆಗೋ ಕೆಲಸ ಕೂಡ ಜಾಸ್ತಿ ಆಗಿದೆ, ಅದನ್ನ ಇಲ್ಲ ಅನ್ನಲ್ಲ. ಆದ್ರೆ ಮೇಲ್ ಬರೆಯೋದು, ಲೆಕ್ಕದ ಶೀಟ್ ತೆರೆಯೋದು, ಬ್ರೌಸರ್‌ನಲ್ಲಿ ಓದೋದು, ಇಂಥ ಕೆಲಸಕ್ಕೆ ಏಳೆಂಟು ವರ್ಷದ ಹಿಂದಿನ ಒಳ್ಳೇ ಪ್ರೊಸೆಸರ್ ಇವತ್ತಿಗೂ ಧಾರಾಳ ಸಾಕು. ಕಾಲ ಬದಲಾಗಿದೆ, ನಾವು ಮಾತ್ರ ತೊಂಬತ್ತರ ದಶಕದ ಲೆಕ್ಕವನ್ನೇ ಇಟ್ಕೊಂಡಿದೀವಿ, ಅದು ಮಾರೋರಿಗೂ ಅನುಕೂಲವೇ ಬಿಡಿ.

ಹಾಗಾದ್ರೆ ಕಾಯಿಸ್ತಿರೋದು ಯಾರು? ಸಿಸ್ಟಮ್ ಸ್ಲೋ ಅನ್ನಿಸಿದ ಆ ಕ್ಷಣದಲ್ಲೇ, ಆಮೇಲೆ ಅಲ್ಲ, ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ, ಟಾಸ್ಕ್ ಮ್ಯಾನೇಜರ್ ಬರತ್ತೆ. ಸಿಪಿಯು ಅಂದ್ರೆ ಪ್ರೊಸೆಸರ್, ಮೆಮೊರಿ ಅಂದ್ರೆ ರ‍್ಯಾಮ್, ಮತ್ತೆ ಡಿಸ್ಕ್, ಈ ಮೂರು ಕಾಲಮ್ ನೋಡಿ, ಯಾವುದು ನೂರರ ಹತ್ರ ಹೋಗಿ ಅಲ್ಲೇ ಕೂತಿದೆ ಅಂತ. ಎರಡು ಮೂರು ದಿನ ಹೀಗೆ ನೋಡಿದ್ರೆ ಒಂದು ಹೆಸರು ಮತ್ತೆ ಮತ್ತೆ ಬರತ್ತೆ.

ಹಳೇ ಮಷೀನ್ ಆದ್ರೆ ಬಹಳ ಸಲ ಡಿಸ್ಕೇ ಬರೋದು. ಒಳಗೆ ತಿರುಗೋ ಹಾರ್ಡ್ ಡಿಸ್ಕ್ ಇದ್ರೆ ಅದರ ಕಷ್ಟ ಸ್ವಲ್ಪ ಅರ್ಥ ಮಾಡ್ಕೊಳ್ಳಿ, 7200 ಆರ್‌ಪಿಎಮ್, ಅಂದ್ರೆ ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕ್ ಒಂದು ಸುತ್ತು ಬರೋಕೆ 8.3 ಮಿಲಿಸೆಕೆಂಡ್ ಬೇಕು, ಬೇಕಾದ ಜಾಗ ಅದನ್ನ ಓದೋ ಹೆಡ್ ಕೆಳಗೆ ಬರೋಕೆ ಸರಾಸರಿ ಅದರ ಅರ್ಧ, ಜೊತೆಗೆ ಹೆಡ್ ಆ ಕಡೆ ಈ ಕಡೆ ಸರಿಯೋಕೆ ಇನ್ನಷ್ಟು, ಎಲ್ಲಾ ಸೇರಿ ಒಂದು ಸೆಕೆಂಡಿಗೆ ನೂರರ ಆಸುಪಾಸು ಬೇರೆ ಬೇರೆ ಜಾಗಕ್ಕೆ ಹೋಗಿ ಬರಬಹುದು ಅಷ್ಟೇ. ವಿಂಡೋಸ್ ಶುರುವಾಗುವಾಗ ಓದೋದು ಸಾವಿರಾರು ಸಣ್ಣ ಸಣ್ಣ ಫೈಲು. ಲೆಕ್ಕ ನೀವೇ ಹಾಕಿ. ಎಸ್‌ಎಸ್‌ಡಿ, ಅಂದ್ರೆ ಡೇಟಾನ ಚಿಪ್ಪುಗಳಲ್ಲೇ ಇಡೋ ಡಿಸ್ಕಿನಲ್ಲಿ, ತಿರುಗೋದೇ ಇಲ್ಲ, ಒಂದು ಜಾಗ ಮುಟ್ಟೋಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಕೂಡ ಬೇಡ. ಅದಕ್ಕೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮಷೀನು ಹೊಸದಾಗಿ ಹುಟ್ಟಿ ಬಂದ ಹಾಗಿರತ್ತೆ, ಇಷ್ಟು ಕಮ್ಮಿ ದುಡ್ಡಿಗೆ ಇಷ್ಟು ಬದಲಾವಣೆ ಕೊಡೋ ಅಪ್‌ಗ್ರೇಡ್ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಆದ್ರೆ ಇದೇ ಮಾತನ್ನ ಎರಡನೇ ಸಲ ನಂಬಬೇಡಿ. ಸಾಟಾ ಅನ್ನೋ ಹಳೇ ತರದ ಕನೆಕ್ಷನ್ ಇರೋ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಮ್‌ಬಿ ಓದತ್ತೆ, ಎನ್‌ವಿಎಮ್‌ಇ ಅನ್ನೋ ಹೊಸ ತರದ್ದಾದ್ರೆ 3500, ಇನ್ನೂ ಹೊಸದಾದ್ರೆ 7000, ಡಬ್ಬದ ಮೇಲೆ ದೊಡ್ಡದಾಗಿ ಬರ್ದಿರ್ತಾರೆ. ಸಾಟಾದಿಂದ ಅದಕ್ಕೆ ಹೋದ್ರೆ ದೊಡ್ಡ ವಿಡಿಯೋ ಫೈಲ್ ಕಾಪಿ ಮಾಡೋರಿಗೆ ಗೊತ್ತಾಗತ್ತೆ, ಉಳಿದವರಿಗೆ ಬಹುತೇಕ ಗೊತ್ತೇ ಆಗಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಕಾಯಿಸ್ತಿರೋದು ಡಿಸ್ಕ್ ಆಗಿರಲ್ಲ.

ಇದಕ್ಕೊಂದು ಹಳೇ ಲೆಕ್ಕ ಇದೆ, 1967ರಲ್ಲಿ ಜೀನ್ ಆಮ್ಡಾಲ್ ಅನ್ನೋ ಕಂಪ್ಯೂಟರ್ ಎಂಜಿನಿಯರ್ ಮುಂದಿಟ್ಟ ವಾದ. ಅವರು ಹೇಳಿದ್ದು ಹಲವು ಪ್ರೊಸೆಸರ್ ಒಟ್ಟಿಗೆ ಇಟ್ರೆ ವೇಗ ಎಷ್ಟು ಸಿಗತ್ತೆ ಅನ್ನೋದರ ಬಗ್ಗೆ, ಆದ್ರೆ ನಮ್ಮ ಮನೆ ಸಿಸ್ಟಮ್ಮಿಗೂ ಅದೇ ಲೆಕ್ಕ. ಒಂದು ಕೆಲಸಕ್ಕೆ ಹತ್ತು ನಿಮಿಷ, ಅದರಲ್ಲಿ ಎಂಟು ನಿಮಿಷ ಡಿಸ್ಕಿಗೆ ಕಾಯೋದು, ಎರಡು ನಿಮಿಷ ಪ್ರೊಸೆಸರ್ ಕೆಲಸ ಅಂತಿಟ್ಕೊಳ್ಳಿ. ಎರಡು ಪಟ್ಟು ಜೋರಾದ ಪ್ರೊಸೆಸರ್ ತಂದ್ರೆ ಒಂಬತ್ತು ನಿಮಿಷ ಆಗತ್ತೆ. ಹತ್ತು ಪಟ್ಟು ಜೋರಾದ ಡಿಸ್ಕ್ ತಂದ್ರೆ ಮೂರು ನಿಮಿಷದೊಳಗೆ ಮುಗಿಯತ್ತೆ. ದುಡ್ಡು ಹೆಚ್ಚು ಹೋಗೋದು ಮೊದಲನೇದಕ್ಕೆ.

ರ‍್ಯಾಮ್ ವಿಷಯದಲ್ಲಿ ಒಂದು ಗೊಂದಲ ಇದೆ, ಮೆಮೊರಿ ಎಪ್ಪತ್ತು ಪರ್ಸೆಂಟ್ ತುಂಬಿದೆ ಅಂತ ಗಾಬರಿ ಆಗೋರು ಬಹಳ ಜನ. ಖಾಲಿ ರ‍್ಯಾಮ್‌ನಿಂದ ಯಾರಿಗೂ ಉಪಯೋಗ ಇಲ್ಲ, ಆಪರೇಟಿಂಗ್ ಸಿಸ್ಟಮ್ ಅದನ್ನ ಬೇಕಂತಲೇ ತುಂಬಿಸ್ಕೊಂಡಿರತ್ತೆ, ಬೇಕಾದಾಗ ಬಿಟ್ಟುಕೊಡತ್ತೆ. ನೋಡಬೇಕಾದ್ದು ಏನಂದ್ರೆ, ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋದಾಗ ತಡವರಿಸತ್ತಾ, ಆಗ ಮೆಮೊರಿ ತೊಂಬತ್ತು ದಾಟಿ ಜೊತೆಗೆ ಡಿಸ್ಕೂ ಒದ್ದಾಡ್ತಿದೆಯಾ. ಹಾಗಿದ್ರೆ ರ‍್ಯಾಮ್ ಸಾಲದೆ ಡಿಸ್ಕನ್ನ ರ‍್ಯಾಮ್ ತರ ಬಳಸ್ತಿದೆ ಅಂತರ್ಥ, ಹಾಕಿಸಿ. ಇವತ್ತಿನ ಬ್ರೌಸರ್‌ಗಳಿಗೆ 8 ಜಿಬಿ ಇಕ್ಕಟ್ಟು, 16 ಆದ್ರೆ ಆರಾಮು, ಅದರ ಮೇಲೆ ಯಾಕೆ ಬೇಕು ಅಂತ ನಿಮಗೇ ಗೊತ್ತಿದ್ರೆ ಮಾತ್ರ ಹಾಕಿ. ತಗೊಳ್ಳೋಕೆ ಮುಂಚೆ ನಿಮ್ಮ ಮಷೀನಿನ ರ‍್ಯಾಮ್ ಯಾವ ತಲೆಮಾರಿನದು, ಡಿಡಿಆರ್4ಆ ಡಿಡಿಆರ್5ಆ ನೋಡ್ಕೊಳ್ಳಿ, ಒಂದರ ಸ್ಲಾಟಿಗೆ ಇನ್ನೊಂದು ಕೂರೋದೇ ಇಲ್ಲ. ಲ್ಯಾಪ್‌ಟಾಪ್ ಆದ್ರೆ ಇನ್ನೊಂದು ಪೀಡೆ, ತೆಳ್ಳಗಿನ ಮಾಡೆಲ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆ್ಯಪಲ್‌ನ ಎಮ್ ಸರಣಿಯಲ್ಲಿ ಚಿಪ್ಪಿನ ಪಕ್ಕದಲ್ಲೇ ಒಂದೇ ಪ್ಯಾಕೇಜ್‌ನಲ್ಲಿ ಇರತ್ತೆ, ಆಮೇಲೆ ಹಾಕಿಸೋ ಮಾತೇ ಇಲ್ಲ, ಅಲ್ಲಿ ಅಪ್‌ಗ್ರೇಡ್ ತೀರ್ಮಾನ ಆಗೋದು ಕೊಳ್ಳೋ ದಿನವೇ. ಮತ್ತೆ "ಸ್ವಲ್ಪ ತಡೀರಿ, ಮುಂದೆ ಅಗ್ಗ ಆಗತ್ತೆ" ಅನ್ನೋ ಮಾತು ಯಾವಾಗ್ಲೂ ನಡೆಯಲ್ಲ, 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ಹೇಗೆ ಏರ್ತು ಅಂತ ನೋಡಿದವರಿಗೆ ಗೊತ್ತು.

ಸಿಪಿಯು ನೂರಕ್ಕೆ ಹೋಗಿ ಕೂತಿದೆ ಅಂದ್ರೂ ತಕ್ಷಣ ಪರ್ಸ್ ತೆಗೀಬೇಡಿ. ಮೊದಲು ಬಿಸಿ ನೋಡಿ. ಪ್ರೊಸೆಸರ್ ಮಿತಿ ಮೀರಿ ಕಾದ್ರೆ ತನ್ನ ವೇಗ ತಾನೇ ಇಳಿಸ್ಕೊಳ್ಳತ್ತೆ, ಫ್ಯಾನ್ ತುಂಬ ಧೂಳು, ಚಿಪ್ಪಿನ ಬಿಸಿಯನ್ನ ಕೂಲರ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿರೋದು, ಇಷ್ಟೇ ಸಾಕು ಒಳ್ಳೇ ಚಿಪ್ಪು ಕುಂಟೋಕೆ. ಕ್ಲೀನ್ ಮಾಡ್ಸಿ, ಆಮೇಲೆ ಮಾತಾಡೋಣ. ವಿಡಿಯೋ ನೋಡುವಾಗ ಮಾತ್ರ ಸಿಪಿಯು ಏರ್ತಿದ್ರೆ ಅದು ಬೇರೆ ಕತೆ, ಎವಿ1 ತರದ ಹೊಸ ವಿಡಿಯೋ ಫಾರ್ಮ್ಯಾಟ್ ಬಿಡಿಸೋ ಸರ್ಕ್ಯೂಟ್ ಹಳೇ ಗ್ರಾಫಿಕ್ಸ್‌ನಲ್ಲಿ ಇರಲ್ಲ, ಆ ಹೊರೆ ಎಲ್ಲಾ ಸಿಪಿಯು ಮೇಲೆ ಬೀಳತ್ತೆ.

ಇಷ್ಟೆಲ್ಲ ಆದ ಮೇಲೂ ಪ್ರೊಸೆಸರ್ರೇ ಸಾಲದು ಅಂತಾದ್ರೆ, ಅಲ್ಲಿಂದ ನಿಜವಾದ ಸರಪಳಿ ಶುರು. ಪ್ರೊಸೆಸರ್ ಕೂರೋ ಸಾಕೆಟ್ ಪದೇ ಪದೇ ಬದಲಾಗತ್ತೆ. ಇಂಟೆಲ್‌ನ ಹನ್ನೆರಡನೇ ಜನರೇಷನ್‌ಗೆ ಎಲ್‌ಜಿಎ 1700 ಅನ್ನೋ ಸಾಕೆಟ್ ಬಂತು, 2024ರಲ್ಲಿ 1851 ಬಂತು, ಹಳೇ ಬೋರ್ಡಿಗೆ ಹೊಸ ಚಿಪ್ಪು ಕೂರಲ್ಲ. ಹಾಗಾಗಿ ಚಿಪ್ಪು ಬೇಕು ಅಂದ್ರೆ ಬೋರ್ಡು ಬೇಕು, ಬೋರ್ಡು ಬಂದ್ರೆ ಬಹಳ ಸಲ ರ‍್ಯಾಮೂ ಬೇರೆ, ಕೊನೆಗೆ ಹಳೇದು ಅಂತ ಉಳಿಯೋದು ಕ್ಯಾಬಿನೆಟ್ಟು ಮತ್ತು ಅದರೊಳಗಿನ ಪವರ್ ಸಪ್ಲೈ, ಅದಕ್ಕೂ ವಯಸ್ಸಾಗಿರತ್ತೆ. ಎಎಮ್‌ಡಿಯ ಎಎಮ್4 ಸಾಕೆಟ್ ಇದಕ್ಕೆ ಒಳ್ಳೇ ಅಪವಾದ, 2017ರ ಮೊದಲ ರೈಝೆನ್ ಪ್ರೊಸೆಸರ್ ಕೂರ್ತಿದ್ದ ಎಷ್ಟೋ ಬೋರ್ಡುಗಳಲ್ಲಿ ಬಯಾಸ್, ಅಂದ್ರೆ ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದ್ರೆ 2022ರಲ್ಲಿ ಬಂದ 5800ಎಕ್ಸ್3ಡಿ ಚಿಪ್ಪು ಕೂಡ ಓಡತ್ತೆ, ಅಂಥವರು ಚಿಪ್ಪೊಂದನ್ನೇ ಬದಲಾಯಿಸಿ ಸುಮ್ಮನಿರಬಹುದು. ಗೇಮ್‌ಗೆ ಅಂತ ಗ್ರಾಫಿಕ್ಸ್ ಕಾರ್ಡ್ ತರೋರೂ ಪವರ್ ಸಪ್ಲೈನ ವಾಟ್ ಸಾಕಾ, ಕನೆಕ್ಟರ್ ಇದೆಯಾ, ಕಾರ್ಡಿನ ಉದ್ದ ಕ್ಯಾಬಿನೆಟ್‌ನಲ್ಲಿ ಹಿಡಿಯತ್ತಾ ಅಂತ ಮೊದಲೇ ಅಳೀಬೇಕು. ನಾನು ಇಟ್ಕೊಂಡಿರೋ ಗೆರೆ ಇಷ್ಟೇ, ಒಂದು ಪಾರ್ಟ್ ತನ್ನ ಹಿಂದೆ ಇನ್ನೆರಡನ್ನ ಎಳ್ಕೊಂಡು ಬಂದ್ರೆ ಅಲ್ಲಿಗೆ ಅಪ್‌ಗ್ರೇಡ್ ಮುಗೀತು, ಪೂರ್ತಿ ಹೊಸ ಸಿಸ್ಟಮ್ಮಿನ ಲೆಕ್ಕ ಹಾಕಬೇಕು. ಹಳೇ ಮಷೀನ್ ಮೇಲಿನ ಪ್ರೀತಿಗೆ ಚೂರು ಚೂರೇ ಸುರಿದು ಹೊಸದಕ್ಕಿಂತ ಜಾಸ್ತಿ ಖರ್ಚು ಮಾಡಿದವರೂ ಇದಾರೆ, ಅವರು ಹೊಸದೇ ತಗೋಬೇಕಿತ್ತು.

ಇನ್ನೊಂದು, ವೇಗಕ್ಕೂ ಇದಕ್ಕೂ ಸಂಬಂಧ ಇಲ್ಲ, ಸೆಕ್ಯುರಿಟಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಮನೆ ಬಳಕೆದಾರರು ನೋಂದಾಯಿಸ್ಕೊಂಡ್ರೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರ ತನಕ ಅಂತ ಘೋಷಿಸಿದ್ರು. ವಿಂಡೋಸ್ 11ಕ್ಕೆ ಟಿಪಿಎಮ್ 2.0, ಅಂದ್ರೆ ಕೀಲಿಗಳನ್ನ ಭದ್ರವಾಗಿ ಇಡೋ ಸೆಕ್ಯುರಿಟಿ ವ್ಯವಸ್ಥೆ, ಬೇಕು, ಇಂಟೆಲ್ ಆದ್ರೆ ಕೆಲವೇ ಅಪವಾದ ಬಿಟ್ಟು ಎಂಟನೇ ಜನರೇಷನ್ನೋ ಅದರ ಮೇಲಿನದೋ ಆಗಿರಬೇಕು. ಇಲ್ಲೊಂದು ಗಮನಿಸಿ, "ನಿಮ್ಮ ಪಿಸಿ ಸರಿಹೊಂದಲ್ಲ" ಅಂತ ಬಂದ ಎಷ್ಟೋ ಮಷೀನುಗಳಲ್ಲಿ ಟಿಪಿಎಮ್ ಇರತ್ತೆ, ಬಯಾಸ್‌ನಲ್ಲಿ ಆಫ್ ಆಗಿರತ್ತೆ, ಇಂಟೆಲ್‌ನಲ್ಲಿ ಪಿಟಿಟಿ ಅಂತ, ಎಎಮ್‌ಡಿಯಲ್ಲಿ ಎಫ್‌ಟಿಪಿಎಮ್ ಅಂತ ಇರತ್ತೆ, ಅದನ್ನ ಆನ್ ಮಾಡಿ ಮತ್ತೆ ಚೆಕ್ ಮಾಡಿ. ನಿಜವಾಗ್ಲೂ ಆಗಲ್ಲ ಅಂದ್ರೆ, ಕೆಲಸ ಎಲ್ಲಾ ಬ್ರೌಸರ್‌ನಲ್ಲೇ ನಡೆಯೋರಾದ್ರೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಇನ್ನೂ ಕೆಲವು ವರ್ಷ ಓಡಿಸಬಹುದು. ಒಂದೇ ಒಂದು ವಿಂಡೋಸ್ ಸಾಫ್ಟ್‌ವೇರ್ ಬಿಟ್ಟಿರೋಕಾಗಲ್ಲ ಅಂದ್ರೆ ಅದು ಕಷ್ಟ, ಆಗ ಬದಲಾಯಿಸಿ. ಅಪ್‌ಡೇಟ್ ಪೂರ್ತಿ ನಿಂತ ಮಷೀನಲ್ಲಿ ಬ್ಯಾಂಕ್ ಕೆಲಸ ಮಾಡೋದು ನಾನಂತೂ ಒಪ್ಪಲ್ಲ.

ಕೆಟ್ಟು ಹೋಗೋ ಲಕ್ಷಣಗಳನ್ನ ಬೇಗ ಹೇಳಿ ಮುಗಿಸ್ತೀನಿ. ಆಫ್ ಮಾಡಿ ಆನ್ ಮಾಡಿದ್ರೆ ಗಡಿಯಾರ ಹಿಂದೆ ಹೋಗಿರತ್ತೆ ಅಂದ್ರೆ ಬಹುತೇಕ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿದೆ, ಅದಕ್ಕೆ ಮಷೀನ್ ಬದಲಾಯಿಸ್ಬೇಡಿ ದಯವಿಟ್ಟು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ಸ್ಮಾರ್ಟ್ ರಿಪೋರ್ಟ್‌ನಲ್ಲಿ ರೀಅಲೊಕೇಟೆಡ್ ಸೆಕ್ಟರ್, ಅಂದ್ರೆ ಕೆಟ್ಟು ಹೋಗಿ ಬದಲಿ ಕೊಟ್ಟ ಜಾಗಗಳ ಲೆಕ್ಕ, ಏರ್ತಾ ಇದ್ರೆ ಇವತ್ತೇ ಬ್ಯಾಕಪ್ ತಗೊಳ್ಳಿ. ಲ್ಯಾಪ್‌ಟಾಪ್ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡ್ ಮೇಲೆದ್ದಿದೆ ಅಂದ್ರೆ ಚಾರ್ಜಿಗೆ ಹಾಕೋದನ್ನೇ ನಿಲ್ಲಿಸಿ, ಬೆಂಕಿ ಹತ್ತೋ ವಸ್ತು ಅದು, ಅಪ್‌ಗ್ರೇಡ್ ಯೋಚನೆ ಆಮೇಲೆ.

ಬದಲಾಯಿಸೋದು ಅಂತ ತೀರ್ಮಾನ ಆದ್ರೆ ಹಳೇದು ಇನ್ನೂ ಓಡ್ತಿರುವಾಗಲೇ ಬದಲಾಯಿಸಿ, ಸತ್ತ ಮೇಲೆ ಗಡಿಬಿಡಿಯಲ್ಲಿ ಕೊಂಡ್ರೆ ಅಂಗಡಿಯಲ್ಲಿ ಇದ್ದಿದ್ದೇ ಗತಿ, ಡೇಟಾ ತೆಗೆಯೋದೂ ತಲೆನೋವು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು, ಸರಿಯಾಗಿ ಮರುಬಳಕೆಗೆ ಹೋಯ್ತು ಅಂತ ದಾಖಲಾಗಿದ್ದು ಅದರಲ್ಲಿ ಶೇ 22.3 ಮಾತ್ರ, ಹಾಗಾಗಿ ಓಡೋ ಮಷೀನು ಯಾರಿಗಾದ್ರೂ ಕೊಡೋದು ಒಳ್ಳೇದು. ಕೊಡೋಕೆ ಮುಂಚೆ ಡಿಸ್ಕ್ ಅಳಿಸಿ. ಫೈಲ್ ಡಿಲೀಟ್ ಮಾಡೋದು, ಕ್ವಿಕ್ ಫಾರ್ಮ್ಯಾಟ್ ಮಾಡೋದು ಅಳಿಸಿದ ಲೆಕ್ಕ ಅಲ್ಲ, ಹಾರ್ಡ್ ಡಿಸ್ಕ್ ಆದ್ರೆ ಪೂರ್ತಿ ಒಂದು ಸಲ ಮೇಲೆ ಬರೆಸಿ. ಎಸ್‌ಎಸ್‌ಡಿಯಲ್ಲಿ ಮೇಲೆ ಬರೆದ್ರೂ ಒಳಗಿನ ಕಂಟ್ರೋಲರ್ ಬೇರೆ ಜಾಗಕ್ಕೆ ಬರೀಬಹುದು, ಅದಕ್ಕೆ ತಯಾರಕರೇ ಕೊಡೋ ಸೆಕ್ಯೂರ್ ಇರೇಸ್ ಅನ್ನೋ ಪೂರ್ತಿ ಅಳಿಸೋ ಸೌಲಭ್ಯ ಬಳಸಿ, ಮೊದಲಿಂದ್ಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ, ಅಂದ್ರೆ ಕೀ ಇಲ್ಲದೆ ಯಾರೂ ಓದೋಕಾಗದ ಹಾಗಿದ್ರೆ, ಕೆಲಸ ಇನ್ನೂ ಸುಲಭ. ಇಷ್ಟೇ ನನ್ನದು, ಈಗ ನಿಮ್ಮ ನಿಮ್ಮ ಸಿಸ್ಟಮ್ ಬಗ್ಗೆ ಕೇಳಿ, ಆದ್ರೆ ಎಷ್ಟು ವರ್ಷ ಆಯ್ತು ಅಂತ ಶುರು ಮಾಡ್ಬೇಡಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಏನು ಕಂಡಿತು ಅಂತ ಹೇಳಿ.